ಆಕ್ಚುರಿ ಕೆಲಸಕ್ಕೆ ಎಷ್ಟು ಸಂಬಳ ಕೇಳಬೇಕು? ಉಡುಪಿ-ಮಂಗಳೂರಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

"ಆಕ್ಚುರಿಗೆ ಸಂಬಳ ಎಷ್ಟು ಬರ್ತದೆ?" ಅಂತ ಕೇಳುವುದು ಮಲ್ಪೆ ಬಂದರಿಗೆ ಹೋಗಿ "ಮೀನಿಗೆ ಎಷ್ಟು?" ಅಂತ ಕೇಳಿದ ಹಾಗೆ. ಅಂಜಲೋ ಬೂತಾಯಿಯೋ ಅಂತ ಹೇಳದೆ ಯಾರೂ ದರ ಹೇಳುವುದಿಲ್ಲ. ಆದರೂ ಈ ಪ್ರಶ್ನೆ ನಮ್ಮ ಕಡೆ ದಿನಾ ಕೇಳಿಬರುತ್ತದೆ. ಆಕ್ಚುರಿ ಅಂದರೆ ವಿಮೆ, ಪಿಂಚಣಿಯಂಥವುಗಳಲ್ಲಿ ಮುಂದೆ ಬರಬಹುದಾದ ಖರ್ಚು-ನಷ್ಟವನ್ನು ಗಣಿತದಿಂದ ಅಂದಾಜು ಮಾಡುವವರು. ಮಗಳು ಪಿಯುಸಿ ಗಣಿತದಲ್ಲಿ ನೂರಕ್ಕೆ ನೂರು ತೆಗೆದಿದ್ದಾಳೆ, ಯಾರೋ "ಆಕ್ಚುರಿ ಆದರೆ ಕೋಟಿ ಸಂಬಳ" ಅಂದಿದ್ದಾರೆ, ಮನೆಯಲ್ಲಿ ಲೆಕ್ಕ ಶುರು.

ನಮ್ಮ ಜಿಲ್ಲೆಗಳಿಗೆ ಬ್ಯಾಂಕಿನ ಸಂಬಳ ಬಾಯಿಪಾಠ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್ ಎಲ್ಲ ಹುಟ್ಟಿದ್ದೇ ಇಲ್ಲಿ. ಬ್ಯಾಂಕಿನಲ್ಲಿ ಸ್ಕೇಲ್ ಉಂಟು. ಸ್ಕೇಲ್ ಒನ್ ಅಂದರೆ ಇಷ್ಟು, ಟೂ ಅಂದರೆ ಇಷ್ಟು. ಆಕ್ಚುರಿ ಕೆಲಸದಲ್ಲಿ ಅಂಥ ಸ್ಕೇಲ್ ಇಲ್ಲ. ಒಂದೇ ಕಂಪನಿಯಲ್ಲಿ, ಒಂದೇ ಹುದ್ದೆಯ ಹೆಸರಲ್ಲಿ ಇಬ್ಬರು ಕೂತಿರುತ್ತಾರೆ, ಸಂಬಳ ಒಂದೂವರೆ ಪಟ್ಟು ವ್ಯತ್ಯಾಸ. ಇದು ಅನ್ಯಾಯ ಅನ್ನಿಸಬಹುದು. ಹೆಚ್ಚಿನ ಸಲ ಅಲ್ಲ. ಪೇಪರ್ (ಆಕ್ಚುರಿ ಪರೀಕ್ಷೆ) ಎಷ್ಟು ಪಾಸ್, ಅನುಭವ ಎಷ್ಟು ವರ್ಷ, ಕೆಲಸ ಯಾವುದು, ಊರು ಯಾವುದು ಅನ್ನುವ ನಾಲ್ಕರ ಮೇಲೆ ದರ ನಿಲ್ಲುತ್ತದೆ. ಈ ನಾಲ್ಕನ್ನು ಹೇಳದೆ ಸಿಕ್ಕಿದ ಯಾವ ಅಂಕಿಯನ್ನೂ ನಂಬಬೇಡಿ.

ಹೆಜ್ಜೆ 1: ನೀವು ಈಗ ಎಲ್ಲಿದ್ದೀರಿ ಅಂತ ಬರೆದುಕೊಳ್ಳಿ

ಭಾರತದಲ್ಲಿ ಈ ವೃತ್ತಿಯನ್ನು ನೋಡಿಕೊಳ್ಳುವುದು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್ ಆಫ್ ಇಂಡಿಯಾ. 1944ರಲ್ಲಿ ಆಕ್ಚುರಿಯಲ್ ಸೊಸೈಟಿ ಅಂತ ಶುರುವಾಗಿ, 2006ರ ಆಕ್ಚುರೀಸ್ ಆಕ್ಟ್ ಬಂದ ಮೇಲೆ ಶಾಸನಬದ್ಧ ಸಂಸ್ಥೆ ಆಯಿತು. ಒಳಗೆ ಬರಲು ಎಸಿಇಟಿ ಅನ್ನುವ ಪ್ರವೇಶ ಪರೀಕ್ಷೆ. ಪಿಯುಸಿ ಮುಗಿದವರೂ ಬರೆಯಬಹುದು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಸಿಇಟಿ ಪಾಸಾದದ್ದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಅದು ಗೇಟ್ ಪಾಸ್ ಅಷ್ಟೇ. ಕೆಲವು ಕೋಚಿಂಗ್‌ನವರು ಅದನ್ನೇ ದೊಡ್ಡದು ಮಾಡಿ ಬ್ಯಾನರ್ ಹಾಕುತ್ತಾರೆ, ನೋಡಿ ನಕ್ಕು ಸುಮ್ಮನಾಗಿ.

ಲೆಕ್ಕಕ್ಕೆ ಬರುವುದು ಅದರ ನಂತರದ ಪೇಪರ್‌ಗಳು. 2019ರ ಪಠ್ಯಕ್ರಮದ ಚೌಕಟ್ಟು ಹೀಗೆ: ಸಿಎಸ್ 1, ಸಿಎಸ್ 2, ಸಿಎಂ 1, ಸಿಎಂ 2, ಸಿಬಿ 1, ಸಿಬಿ 2, ಸಿಬಿ 3 ಅಂತ ಏಳು. ಆಮೇಲೆ ಸಿಪಿ ಮೂರು. ಇವು ಮುಗಿದು ಉಳಿದ ಷರತ್ತು ಪೂರೈಸಿದರೆ ಅಸೋಸಿಯೇಟ್. ಅದರ ಮೇಲೆ ಎಸ್‌ಪಿ ಎರಡು, ಎಸ್‌ಎ ಒಂದು ಮುಗಿಸಿದರೆ ಫೆಲೋ. ಒಟ್ಟು ಹದಿಮೂರು. ಇಂಗ್ಲೆಂಡಿನ ಇನ್‌ಸ್ಟಿಟ್ಯೂಟ್ ಆಂಡ್ ಫ್ಯಾಕಲ್ಟಿ ಆಫ್ ಆಕ್ಚುರೀಸ್‌ನ ದಾರಿಯೂ ಹೆಚ್ಚುಕಡಿಮೆ ಇದೇ. ಅಮೆರಿಕದ ಸೊಸೈಟಿ ಆಫ್ ಆಕ್ಚುರೀಸ್‌ನದ್ದು ಬೇರೆ ಕ್ರಮ.

ಎಲ್ಲ ಪೇಪರ್‌ಗೂ ಒಂದೇ ತೂಕ ಇಲ್ಲ. ಸಿಎಸ್ ಸ್ಟಾಟಿಸ್ಟಿಕ್ಸಿನದ್ದು, ಸಿಎಂ ಗಣಿತದ್ದು. ಸಿಬಿ ಪೇಪರ್‌ಗಳು ಅಕೌಂಟ್ಸ್, ಎಕನಾಮಿಕ್ಸ್ ಕಡೆಯವು. ಎರಡು ಸಿಬಿ ಪಾಸಾದವನಿಗಿಂತ ಸಿಎಸ್ 1 ಮತ್ತು ಸಿಎಂ 1 ಪಾಸಾದವಳನ್ನು ಮೊದಲು ಕರೆಯುತ್ತಾರೆ. ಸಿಎಸ್ 2, ಸಿಎಂ 2 ಕೂಡ ಇದ್ದರೆ ಮಾತು ಇನ್ನೂ ಗಟ್ಟಿ. ಹಾಗಾಗಿ ನಿಮ್ಮ ಹಾಳೆಯಲ್ಲಿ "4 ಪೇಪರ್" ಅಂತ ಮಾತ್ರ ಬರೆಯಬೇಡಿ, ಯಾವ ನಾಲ್ಕು ಅಂತಲೂ ಬರೆಯಿರಿ. ಜೊತೆಗೆ ಎಕ್ಸೆಲ್ ಎಷ್ಟು ಬರುತ್ತದೆ, ಆರ್ ಅಥವಾ ಪೈಥಾನ್ ಪ್ರೋಗ್ರಾಮಿಂಗ್ ಬರುತ್ತದಾ, ಇಂಟರ್ನ್‌ಶಿಪ್ ಮಾಡಿದ್ದೀರಾ ಅಂತಲೂ.

ಕೊಣಾಜೆಯಲ್ಲಿ ಸ್ಟಾಟಿಸ್ಟಿಕ್ಸ್ ಎಂಎಸ್ಸಿ ಮಾಡಿದವರು, ಸುರತ್ಕಲ್ ಎನ್‌ಐಟಿಕೆಯಲ್ಲಿ ಓದಿದವರು ಕೇಳುವುದುಂಟು, "ನಮ್ಮ ಡಿಗ್ರಿಗೆ ಜಾಸ್ತಿ ಕೊಡುವುದಿಲ್ವಾ?" ಅಂತ. ಇಂಟರ್‌ವ್ಯೂಗೆ ಕರೆ ಬರುವುದಕ್ಕೆ ಡಿಗ್ರಿ ಸಹಾಯ ಮಾಡುತ್ತದೆ. ಮುಂದೆ ಸಂಬಳ ಏರುವುದು ಪೇಪರ್ ಮತ್ತು ಕೆಲಸದ ಮೇಲೆ.

ಹೆಜ್ಜೆ 2: ದರ ಯಾಕೆ ಹೀಗಿದೆ ಅಂತ ತಿಳಿದುಕೊಳ್ಳಿ

ಇದು ಗೊತ್ತಿಲ್ಲದಿದ್ದರೆ ಚೌಕಾಸಿ ಮಾಡಲು ಬರುವುದಿಲ್ಲ.

ಮೇಲ್ಗಡೆ ಜನ ಕಡಿಮೆ. ದೇಶದಲ್ಲಿ ಫೆಲೋಗಳ ಸಂಖ್ಯೆ ನೂರರ ಲೆಕ್ಕದಲ್ಲಿದೆ, ಸಾವಿರಗಳಲ್ಲಿ ಅಲ್ಲ. ಆದರೆ ಪ್ರತಿ ವಿಮಾ ಕಂಪನಿಗೂ ಒಬ್ಬ ಅಪಾಯಿಂಟೆಡ್ ಆಕ್ಚುರಿ ಇರಲೇಬೇಕು ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮ. ಕಂಪನಿಗೆ ಇಷ್ಟ ಇರಲಿ ಬಿಡಲಿ, ಆ ಕುರ್ಚಿ ಖಾಲಿ ಇರುವಂತಿಲ್ಲ. ಕಾನೂನೇ ಹುಟ್ಟಿಸಿದ ಬೇಡಿಕೆ ಇದು. ಅದಕ್ಕೇ ಮೇಲಿನ ಸಂಬಳ ಆ ಮಟ್ಟಕ್ಕೆ ಹೋಗುವುದು. "ಕೋಟಿ ಸಂಬಳ" ಅನ್ನುವ ಮಾತು ಸುಳ್ಳಲ್ಲ, ಆದರೆ ಅದು ಈ ಕುರ್ಚಿಯ ಮತ್ತು ಅದರ ಸುತ್ತಮುತ್ತಲಿನ ಮಾತು.

ಕೆಳಗಡೆ ಚಿತ್ರ ತಿರುಗುಮುರುಗು. ಒಂದೆರಡು ಪೇಪರ್ ಪಾಸಾಗಿ ಕೆಲಸ ಹುಡುಕುವವರು ಬೇಕಾದಷ್ಟು ಇದ್ದಾರೆ, ಹೊಸಬರ ಜಾಗ ಅಷ್ಟಿಲ್ಲ. ಅಂದರೆ ಮೊದಲ ಕೆಲಸದಲ್ಲಿ ನಿಮ್ಮ ಮಾತಿಗೆ ಬಲ ಕಡಿಮೆ, ಐದಾರು ಪೇಪರ್ ಮತ್ತು ಎರಡು ಮೂರು ವರ್ಷ ಅನುಭವ ಆದ ಮೇಲೆ ಜಾಸ್ತಿ. ಈ ತಿರುವು ಎಲ್ಲಿ ಬರುತ್ತದೆ ಅಂತ ಗೊತ್ತಿದ್ದರೆ ಮೊದಲ ಆಫರಿಗೆ ಅಳುವುದೂ ಬೇಡ, ಹಿಗ್ಗುವುದೂ ಬೇಡ.

ಇನ್ನೊಂದು ಬೇಡಿಕೆ ಹೊರದೇಶದ್ದು. ವಿಮಾ ಕಂಪನಿ ಎಷ್ಟು ಬಂಡವಾಳ ಇಟ್ಟುಕೊಳ್ಳಬೇಕು ಅನ್ನುವ ಯುರೋಪಿನ ಸಾಲ್ವೆನ್ಸಿ ಟೂ ನಿಯಮ 2016ರಲ್ಲಿ, ವಿಮಾ ಒಪ್ಪಂದಗಳ ಐಎಫ್‌ಆರ್‌ಎಸ್ 17 ಲೆಕ್ಕಪದ್ಧತಿ 2023ರಲ್ಲಿ ಜಾರಿಗೆ ಬಂದವು. ಅದರ ಕೆಲಸದ ದೊಡ್ಡ ಪಾಲು ಗುರುಗ್ರಾಮ, ಬೆಂಗಳೂರು, ಪುಣೆ, ಮುಂಬೈಯ ಕೇಂದ್ರಗಳಲ್ಲಿ ನಡೆಯುತ್ತದೆ. ಹಾಗಾಗಿ ಇವತ್ತು ಹೊಸಬರನ್ನು ತೆಗೆದುಕೊಳ್ಳುವುದರಲ್ಲಿ ಭಾರತದ ವಿಮಾ ಕಂಪನಿಗಳಷ್ಟೇ ಈ ಕೇಂದ್ರಗಳೂ ಕನ್ಸಲ್ಟೆನ್ಸಿಗಳೂ ಮುಂದೆ.

ಹೆಜ್ಜೆ 3: ಅಂಕಿ ಸೇರಿಸಿ, ಆದರೆ ಜರಡಿ ಹಿಡಿದು

ಒಂದು ಎಕ್ಸೆಲ್ ಹಾಳೆ ಮಾಡಿ. ಕಾಲಂಗಳು: ಯಾವ ವರ್ಷದ ಮಾಹಿತಿ, ಪೇಪರ್, ಅನುಭವ, ಕೆಲಸದ ಬಗೆ, ಊರು, ಫಿಕ್ಸೆಡ್ (ಖಚಿತ ಸಂಬಳ) ಎಷ್ಟು, ವೇರಿಯಬಲ್ (ಬೋನಸಿನ ಹಾಗೆ, ಬಂದರೆ ಬರುವುದು) ಎಷ್ಟು, ಎಲ್ಲಿಂದ ಸಿಕ್ಕಿತು. ಇದರಲ್ಲಿ ಪೇಪರ್, ಅನುಭವ, ಫಿಕ್ಸೆಡ್ ಮೂರರಲ್ಲಿ ಯಾವುದಾದರೂ ಖಾಲಿ ಇದ್ದರೆ ಆ ಸಾಲನ್ನು ಪಕ್ಕಕ್ಕಿಡಿ.

ಸಂಬಳ ತೋರಿಸುವ ವೆಬ್‌ಸೈಟುಗಳಲ್ಲಿ ದೊಡ್ಡ ತೊಂದರೆ ಏನೆಂದರೆ "ಆಕ್ಚುರಿಯಲ್ ಅನಲಿಸ್ಟ್" ಅನ್ನುವ ಹೆಸರಿನಲ್ಲಿ ಎಲ್ಲರೂ ಬೆರೆತಿರುತ್ತಾರೆ. ಹತ್ತು ಪೇಪರ್ ಆದವರೂ ಇದ್ದಾರೆ, ಒಂದೂ ಪೇಪರ್ ಇಲ್ಲದೆ ಡೇಟಾ ತುಂಬಿಸುವವರೂ ಇದ್ದಾರೆ. ಅಲ್ಲಿಯ ಸರಾಸರಿ ಯಾರ ಸಂಬಳವೂ ಅಲ್ಲ. ಇನ್ನು ಸರಾಸರಿ ನೋಡುವುದೇ ಆದರೆ ಮೀಡಿಯನ್ ನೋಡಿ, ಅಂದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಮಧ್ಯಕ್ಕೆ ಬರುವ ಅಂಕಿ. ಒಬ್ಬ ಫೆಲೋ ಸೇರಿದರೆ ಸಾಕು, ಸರಾಸರಿ ಹಾರಿಹೋಗುತ್ತದೆ.

ಗಟ್ಟಿ ಅಂಕಿ ಸಿಗುವ ಜಾಗಗಳೂ ಇವೆ, ಜನ ನೋಡುವುದಿಲ್ಲ ಅಷ್ಟೇ. ಒಂದು, ಎಲ್‌ಐಸಿಯ ನೇಮಕಾತಿ ಪ್ರಕಟಣೆ. ಎಎಒ (ಸಹಾಯಕ ಆಡಳಿತಾಧಿಕಾರಿ) ಸ್ಪೆಷಲಿಸ್ಟ್ ಹುದ್ದೆಗಳಲ್ಲಿ ಆಕ್ಚುರಿಯಲ್ ವಿಭಾಗವೂ ಇರುತ್ತದೆ. 2025ರ ಪ್ರಕಟಣೆಯಲ್ಲಿ ಮೂಲ ವೇತನ ತಿಂಗಳಿಗೆ 88,635 ರೂಪಾಯಿ, ದೊಡ್ಡ ಊರಿನಲ್ಲಿ ಭತ್ಯೆ ಎಲ್ಲ ಸೇರಿ ಸುಮಾರು 1,26,000. ವರ್ಷಕ್ಕೆ ಹದಿನೈದು ಲಕ್ಷ ಆಯಿತು. ಖಾಸಗಿಯಲ್ಲಿ ಮೊದಲ ಕೆಲಸಕ್ಕೆ ಇಷ್ಟು ಸಿಗುವುದು ಅಪರೂಪ. ಹಾಗಂತ ಓಡಬೇಡಿ. ಅಲ್ಲಿ ಏರಿಕೆ ಸ್ಕೇಲಿನ ಪ್ರಕಾರ, ವರ್ಗಾವಣೆ ದೇಶದ ಎಲ್ಲಿಗೂ. ಉಡುಪಿಯಲ್ಲಿ ಎಲ್‌ಐಸಿ ವಿಭಾಗೀಯ ಕಚೇರಿ ಇದೆ ಅಂತ ಅಜ್ಜಿ ಖುಷಿಪಟ್ಟರೂ, ಆಕ್ಚುರಿಯಲ್ ಕೆಲಸದ ಕೇಂದ್ರ ಮುಂಬೈ ನಾರಿಮನ್ ಪಾಯಿಂಟಿನ ಯೋಗಕ್ಷೇಮ ಕಟ್ಟಡ.

ಎರಡು, ಲಿಸ್ಟ್ ಆದ ವಿಮಾ ಕಂಪನಿಗಳ ವಾರ್ಷಿಕ ವರದಿ. ಕಂಪನಿ ಕಾಯ್ದೆಯ 2014ರ ನಿಯಮದಡಿ ವರ್ಷಕ್ಕೆ 1 ಕೋಟಿ 2 ಲಕ್ಷಕ್ಕಿಂತ ಕಡಿಮೆಯಿಲ್ಲದ ಸಂಬಳ ಪಡೆದವರ ಮತ್ತು ಅತಿ ಹೆಚ್ಚು ಪಡೆಯುವ ಹತ್ತು ಜನರ ವಿವರ ತಯಾರಾಗುತ್ತದೆ. ಹಲವು ಕಂಪನಿಗಳು ಅದನ್ನು ಕೇಳಿದ ಶೇರುದಾರರಿಗೆ ಕಳಿಸುತ್ತವೆ. ಒಂದು ಶೇರು ಇದ್ದರೂ ನೀವು ಶೇರುದಾರರೇ, ಅಲ್ವಾ? ಹೊಸಬರಿಗೆ ಇದರಿಂದ ನೇರ ಉಪಯೋಗ ಇಲ್ಲ, ಮೇಲಿನ ತುದಿ ನಿಜವಾಗಿ ಎಲ್ಲಿದೆ ಅಂತ ಗೊತ್ತಾಗುತ್ತದೆ.

ಮೂರು, ಜನ. ಇದು ಎಲ್ಲಕ್ಕಿಂತ ಒಳ್ಳೆಯ ಮೂಲ, ಕೇಳುವ ಕ್ರಮ ಗೊತ್ತಿದ್ದರೆ. ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗೆ ಮೆಸೇಜ್ ಮಾಡಿ "ನಿಮ್ಮ ಸಂಬಳ ಎಷ್ಟು?" ಅಂದರೆ ಉತ್ತರ ಬರುವುದಿಲ್ಲ, ಬರಲೂಬಾರದು. "ಆರು ಪೇಪರ್, ಎರಡು ವರ್ಷ ಅನುಭವ, ಜನರಲ್ ಇನ್ಶೂರೆನ್ಸ್ ರಿಸರ್ವಿಂಗ್ (ಕ್ಲೇಮುಗಳಿಗೆ ಎತ್ತಿಡಬೇಕಾದ ದುಡ್ಡಿನ ಲೆಕ್ಕ), ಬೆಂಗಳೂರು. ಫಿಕ್ಸೆಡ್ ಹತ್ತರಿಂದ ಹನ್ನೆರಡು ಕೇಳಿದರೆ ಸರಿಯಾ?" ಅಂತ ಕೇಳಿ. "ಸ್ವಲ್ಪ ಕಡಿಮೆ ಆಯ್ತು" ಅಥವಾ "ಹನ್ನೊಂದರ ಮೇಲೆ ಕಷ್ಟ" ಅಂತ ಬರುತ್ತದೆ. ಅದು ಸಾಕು.

ಈಗ ಮಾತಿನಲ್ಲಿ ಕೇಳಿಬರುವ ಅಂದಾಜುಗಳನ್ನು ಹೇಳುತ್ತೇನೆ, ನಿಮ್ಮ ಹಾಳೆಗೆ ಮೊದಲ ಗೆರೆಯಾಗಲಿ ಅಂತ. ಎರಡರಿಂದ ನಾಲ್ಕು ಪೇಪರಿನ ಹೊಸಬರಿಗೆ ವರ್ಷಕ್ಕೆ ಐದರಿಂದ ಎಂಟು ಲಕ್ಷ. ಆರೇಳು ಪೇಪರ್, ಎರಡು ಮೂರು ವರ್ಷ ಅನುಭವಕ್ಕೆ ಹತ್ತರಿಂದ ಹದಿನೈದು. ಅಸೋಸಿಯೇಟ್ ಹತ್ತಿರ ಬಂದು ನಾಲ್ಕೈದು ವರ್ಷ ಆದವರಿಗೆ ಹದಿನೈದರಿಂದ ಇಪ್ಪತ್ತೈದು. ಹೊಸ ಫೆಲೋಗೆ ಇಪ್ಪತ್ತೈದರಿಂದ ನಲವತ್ತು. ಇವು ಗೋಡೆಗಳಲ್ಲ. ಗ್ರಾಚ್ಯುಟಿ-ಪಿಂಚಣಿ ಲೆಕ್ಕದ ಕೆಲಸದಲ್ಲಿ ಶುರುವಿನ ಸಂಬಳ ಕೆಳತುದಿಯಲ್ಲಿರುತ್ತದೆ. ರಿಇನ್ಶೂರೆನ್ಸ್ (ವಿಮಾ ಕಂಪನಿಗಳಿಗೇ ವಿಮೆ), ಪ್ರೈಸಿಂಗ್, ಕ್ಯಾಪಿಟಲ್ ಮಾಡೆಲಿಂಗ್ ಕಡೆ ಮೇಲ್ತುದಿಯಲ್ಲಿ.

ಹೆಜ್ಜೆ 4: ನಾಲ್ಕು ಜನರ ಮಾತನ್ನು ಎಷ್ಟು ನಂಬುವುದು?

ನಿಮಗೆ ಸಿಕ್ಕಿದ ಮಾಹಿತಿ ಬಹಳ ಸಣ್ಣದು. ಇಂಥ ಹೊತ್ತಿಗೇ ಸಿಎಸ್ 1ರಲ್ಲಿ ಓದುವ ಕ್ರೆಡಿಬಿಲಿಟಿ ಥಿಯರಿ ಇರುವುದು, ಅಂದರೆ ಸಣ್ಣ ಮಾಹಿತಿಯನ್ನು ಎಷ್ಟು ನಂಬಬೇಕು ಅನ್ನುವ ಲೆಕ್ಕ. ಪರೀಕ್ಷೆಗೆ ಓದಿ ಮರೆಯಬೇಡಿ, ನಿಮ್ಮ ಸಂಬಳಕ್ಕೇ ಹಾಕಿ.

ನಿಮ್ಮದೇ ಮಾಹಿತಿಗೆ ಕೊಡುವ ತೂಕ ಝಡ್, ಉಳಿದ ತೂಕ ಹೊರಗಿನ ಅಂಕಿಗೆ. ಝಡ್ ಅಂದರೆ ಎನ್ ಅನ್ನು (ಎನ್ ಕೂಡಿಸು ಕೆ) ಇಂದ ಭಾಗಿಸಿದ್ದು. ಎನ್ ಅಂದರೆ ನಿಮ್ಮ ಹತ್ತಿರ ಇರುವ ಸಾಲುಗಳು, ಕೆ ಅಂದರೆ ಆ ಸಾಲುಗಳು ಎಷ್ಟು ಚೆಲ್ಲಾಪಿಲ್ಲಿ ಇವೆ ಅನ್ನುವುದರ ಮೇಲೆ ನೀವು ಇಡುವ ಸಂಖ್ಯೆ. ಹತ್ತಿರಹತ್ತಿರ ಇದ್ದರೆ ಕೆ ಸಣ್ಣದು, ದೂರದೂರ ಇದ್ದರೆ ದೊಡ್ಡದು. ನಿಮಗೆ ಪರಿಚಯದ ನಾಲ್ವರಿಂದ ಬಂದ ಸರಾಸರಿ 10 ಲಕ್ಷ, ಹೊರಗಿನ ಜಾಹೀರಾತು ಮತ್ತು ಮಾತುಕತೆಯಿಂದ ಬಂದ ಮಧ್ಯದ ಅಂಕಿ 8 ಲಕ್ಷ ಅಂತಿಟ್ಟುಕೊಳ್ಳಿ. ಕೆ ನಾಲ್ಕು ಅಂದರೆ ಝಡ್ ಅರ್ಧ. ಉತ್ತರ 9 ಲಕ್ಷ. ಗೆಳೆಯರು ಹನ್ನೆರಡು ಜನ ಆದರೆ ಝಡ್ ಮುಕ್ಕಾಲು, ಉತ್ತರ 9.5 ಲಕ್ಷ.

ಇಂಟರ್‌ವ್ಯೂನಲ್ಲಿ "ಈ ಸಂಬಳ ಹೇಗೆ ಲೆಕ್ಕ ಹಾಕಿದ್ರಿ?" ಅಂತ ಕೇಳಿದರೆ ಇದನ್ನೇ ಹೇಳಿ. ಎದುರಿಗೆ ಕೂತವರು ಆಕ್ಚುರಿ ಆಗಿದ್ದರೆ ನಗುತ್ತಾರೆ, ಆ ನಗು ನಿಮ್ಮ ಪರವಾಗಿಯೇ ಇರುತ್ತದೆ.

ಹೆಜ್ಜೆ 5: ಸಿಟಿಸಿಯನ್ನು ಬಿಡಿಸಿ

ಇಲ್ಲಿ ಸ್ವಲ್ಪ ನಿಲ್ಲೋಣ. ಹೆಚ್ಚಿನವರು ಏಮಾರುವುದು ಇಲ್ಲೇ. ಒಂಬತ್ತು ಲಕ್ಷ ಸಿಟಿಸಿ (ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಅಂದ ಕೂಡಲೇ ಮನೆಯಲ್ಲಿ ಹನ್ನೆರಡರಿಂದ ಭಾಗಿಸಿ "ತಿಂಗಳಿಗೆ 75,000" ಅನ್ನುತ್ತಾರೆ. ಅಷ್ಟು ಕೈಗೆ ಬರುವುದಿಲ್ಲ.

ಲೆಕ್ಕ ನೋಡಿ. ಒಂಬತ್ತು ಲಕ್ಷದಲ್ಲಿ 90,000 ವೇರಿಯಬಲ್ ಅಂತಿಟ್ಟುಕೊಳ್ಳೋಣ. ಅದು ವರ್ಷದ ಕೊನೆಗೆ, ಬಂದರೆ. ಬೇಸಿಕ್ ಅರ್ಧ, ಅಂದರೆ 4,50,000. ಕಂಪನಿ ಕಟ್ಟುವ ಪಿಎಫ್ ಬೇಸಿಕ್‌ನ ಶೇ. 12, ಅಂದರೆ 54,000. ಅದೂ ಸಿಟಿಸಿಯ ಒಳಗೇ. ಗ್ರಾಚ್ಯುಟಿ ಅಂತ ಬೇಸಿಕ್‌ನ ಶೇ. 4.81, ಅಂದರೆ 21,645. ಆರೋಗ್ಯ ವಿಮೆ ಅಂತ ಒಂದು 15,000 ಹಾಕಿರುತ್ತಾರೆ. ಇಷ್ಟು ಕಳೆದರೆ ಉಳಿಯುವುದು 7,19,355, ತಿಂಗಳಿಗೆ ಸುಮಾರು 59,950. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 4,500, ವೃತ್ತಿ ತೆರಿಗೆ 200 ಹೋಗುತ್ತದೆ. ಕೈಗೆ ಬರುವುದು 55,250 ರೂಪಾಯಿ. ಆದಾಯ ತೆರಿಗೆ ಇದಕ್ಕೆ ಇಲ್ಲ. 2025-26ರ ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗೆ ಸಂಬಳದಾರರು ತೆರಿಗೆ ಕಟ್ಟಬೇಕಿಲ್ಲ.

ಪಿಎಫ್ ನಿಮ್ಮದೇ ದುಡ್ಡು, ಎಲ್ಲಿಗೂ ಹೋಗಲಿಲ್ಲ. ಕೆಲವು ಕಂಪನಿಗಳು 15,000 ಬೇಸಿಕ್‌ನ ಮಿತಿಗೆ ಮಾತ್ರ, ಅಂದರೆ ತಿಂಗಳಿಗೆ 1,800 ಕಟ್ಟುತ್ತವೆ. ಆಗ ಕೈಗೆ ಜಾಸ್ತಿ ಬರುತ್ತದೆ. ಎರಡು ಆಫರ್ ಹೋಲಿಸುವಾಗ ಇದನ್ನು ಕೇಳದೆ ಬಿಡಬೇಡಿ.

ಗ್ರಾಚ್ಯುಟಿಯ ಆ 4.81 ಎಲ್ಲಿಂದ ಬಂತು? ಒಂದು ವರ್ಷದ ಸೇವೆಗೆ 15 ದಿನದ ಸಂಬಳ, ತಿಂಗಳಿಗೆ 26 ಕೆಲಸದ ದಿನ. 15 ಭಾಗಿಸು 26, ಅದನ್ನು 12ರಿಂದ ಭಾಗಿಸಿದರೆ 0.0481. ಕಾಯಂ ನೌಕರರಿಗೆ ಐದು ವರ್ಷ ಆಗದೆ ಇದು ಸಿಗುವುದಿಲ್ಲ. ಆಕ್ಚುರಿಯಲ್ ಹುಡುಗರು ಎರಡು ಮೂರು ವರ್ಷಕ್ಕೆ ಕೆಲಸ ಬದಲಿಸುವುದೇ ಹೆಚ್ಚು. ಹಾಗಾಗಿ ನಿಮ್ಮ ಲೆಕ್ಕದಲ್ಲಿ ಅದಕ್ಕೆ ಸೊನ್ನೆ ಹಾಕಿ. ಕಂಪನಿ ಮಾತ್ರ ಸಿಟಿಸಿಯಲ್ಲಿ ಪೂರ್ತಿ ತೋರಿಸುತ್ತದೆ. ತಮಾಷೆ ಅಂದರೆ, ಎಷ್ಟು ಜನ ಐದು ವರ್ಷದ ಮೊದಲೇ ಬಿಟ್ಟುಹೋಗುತ್ತಾರೆ ಅಂತ ಅಂದಾಜು ಮಾಡಿ ಆ ಹೊಣೆಯನ್ನು ಲೆಕ್ಕ ಹಾಕುವುದೇ ಆಕ್ಚುರಿಯ ಕೆಲಸ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ ಭಾಗವನ್ನೂ ವೇತನ ಅಂತಲೇ ಎಣಿಸಬೇಕು. ಮೊದಲಿನ ಹಾಗೆ ಬೇಸಿಕ್ ಸಣ್ಣದು ಮಾಡಿ ಭತ್ಯೆ ಊದಿಸಿದರೆ ಗ್ರಾಚ್ಯುಟಿಯಲ್ಲಿ ಉಳಿತಾಯ ಆಗುವುದಿಲ್ಲ. ಹಳೆಯ ಆಫರ್ ಲೆಟರ್ ಇಟ್ಟುಕೊಂಡು ಹೊಸದನ್ನು ಹೋಲಿಸುವವರು ಇದನ್ನು ನೆನಪಿಟ್ಟುಕೊಳ್ಳಿ.

ಈ ಕೆಲಸದ ರುಚಿ ಹತ್ತಿರದಲ್ಲೇ ನೋಡಬೇಕು ಅನ್ನಿಸಿದರೆ ಮಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಕರ್ಣಾಟಕ ಬ್ಯಾಂಕಿನ ವಾರ್ಷಿಕ ವರದಿ ತೆರೆಯಿರಿ. ನೌಕರರ ಸೌಲಭ್ಯದ ಟಿಪ್ಪಣಿಯಲ್ಲಿ ಡಿಸ್ಕೌಂಟ್ ದರ, ಸಂಬಳ ಏರಿಕೆಯ ದರ, ಕೆಲಸ ಬಿಡುವವರ ದರ ಎಲ್ಲ ಇರುತ್ತದೆ. ಆ ಮೂರು ಅಂಕಿಗಳ ಹಿಂದೆ ಒಬ್ಬ ಆಕ್ಚುರಿ ಕೂತಿದ್ದಾನೆ. ಇಂಟರ್‌ವ್ಯೂಗೆ ಹೋಗುವ ಮೊದಲು ಇಂಥ ಟಿಪ್ಪಣಿ ಎರಡು ಮೂರು ಓದಿಕೊಂಡರೆ ಮಾತಾಡಲು ವಿಷಯ ಸಿಗುತ್ತದೆ.

ಹೆಜ್ಜೆ 6: ಸ್ಟಡಿ ಪಾಲಿಸಿಯನ್ನು ದುಡ್ಡಿಗೆ ಪರಿವರ್ತಿಸಿ

ಬೇರೆ ಕೆಲಸಗಳಲ್ಲಿ ಇಲ್ಲದ್ದು ಇಲ್ಲಿ ಇರುವುದು ಇದು. ಪರೀಕ್ಷೆ ಫೀಸು ಕಂಪನಿ ಕಟ್ಟುತ್ತದೆ, ಓದಲು ಸಂಬಳ ಸಹಿತ ರಜೆ ಕೊಡುತ್ತದೆ, ಪೇಪರ್ ಪಾಸಾದರೆ ಸಂಬಳ ಏರಿಸುತ್ತದೆ. ಎಲ್ಲ ಕಡೆ ಅಲ್ಲ, ಎಲ್ಲ ಕಡೆ ಒಂದೇ ರೀತಿಯೂ ಅಲ್ಲ.

ಎರಡು ಆಫರ್ ತೆಗೆದುಕೊಳ್ಳೋಣ. ಒಂದರಲ್ಲಿ ಶುರುವಿಗೆ 8.5 ಲಕ್ಷ, ವರ್ಷಕ್ಕೆ ಶೇ. 8 ಏರಿಕೆ, ಓದಿಗೆ ಏನೂ ಇಲ್ಲ. ಇನ್ನೊಂದರಲ್ಲಿ 7 ಲಕ್ಷ, ಅದೇ ಶೇ. 8, ಜೊತೆಗೆ ಪ್ರತಿ ಪೇಪರಿಗೆ ಸಂಬಳದಲ್ಲಿ 50,000 ಏರಿಕೆ, ಓದಲು ರಜೆ. ಐದು ವರ್ಷ ಕೂಡಿಸಿ. ಮೊದಲನೆಯದು ಸುಮಾರು 49.9 ಲಕ್ಷ. ಎರಡನೆಯದರಲ್ಲಿ ವರ್ಷಕ್ಕೆ ಎರಡು ಪೇಪರ್ ಪಾಸಾದರೆ 51.9 ಲಕ್ಷ. ಐದನೇ ವರ್ಷದ ಸಂಬಳ ನೋಡಿದರೆ ಅಂತರ ಇನ್ನೂ ದೊಡ್ಡದು: ಒಂದು ಕಡೆ 11.6, ಇನ್ನೊಂದು ಕಡೆ 14 ಲಕ್ಷ.

ಆದರೆ ವರ್ಷಕ್ಕೆ ಒಂದೇ ಪೇಪರ್ ಪಾಸಾದರೆ? ಎರಡನೆಯದರ ಮೊತ್ತ 46.5 ಲಕ್ಷಕ್ಕೆ ಇಳಿಯುತ್ತದೆ. ಮೂರು ಲಕ್ಷದ ಮೇಲೆ ನಷ್ಟ. ಐದನೇ ವರ್ಷದ ಸಂಬಳ ಮಾತ್ರ 11.8, ಕೂದಲೆಳೆ ಮುಂದೆ.

ಹಾಗಾಗಿ ಯಾವ ಆಫರ್ ಒಳ್ಳೆಯದು ಅನ್ನುವುದು ಕಂಪನಿಯ ಮೇಲಲ್ಲ, ನೀವು ವರ್ಷಕ್ಕೆ ಎಷ್ಟು ಪೇಪರ್ ತೆಗೆಯುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಇಲ್ಲಿ ನಿಮ್ಮ ಬಗ್ಗೆ ನೀವೇ ಪ್ರಾಮಾಣಿಕವಾಗಿರಬೇಕು. ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಕೆಲಸದ ಜೊತೆ ಪ್ರತಿ ಸಲ ಒಂದು ಪಾಸು ಮಾಡುವುದು ಒಳ್ಳೆಯ ವೇಗ, ಎಲ್ಲರಿಗೂ ಆಗುವುದಿಲ್ಲ. ಸ್ಟಡಿ ಲೀವ್ ಇಲ್ಲದ ಕಡೆ ನಿಮ್ಮ ವೇಗವೇ ಕಡಿಮೆ ಆಗುತ್ತದೆ ಅನ್ನುವುದನ್ನೂ ಸೇರಿಸಿ. ನನ್ನನ್ನು ಕೇಳಿದರೆ ಮೊದಲ ಐದು ಪೇಪರ್ ಮುಗಿಯುವವರೆಗೆ ರಜೆ ಕೊಡುವ ಕಡೆ ಇರುವುದೇ ಸರಿ, ಲಕ್ಷ ಒಂದೂವರೆ ಕಡಿಮೆ ಆದರೂ.

ಪಾಲಿಸಿಯ ಸಣ್ಣ ಅಕ್ಷರ ಓದಿ. ಒಂದು ಪೇಪರಿಗೆ ಎಷ್ಟು ಸಲದ ಫೀಸು ಕೊಡುತ್ತಾರೆ? ಫೇಲಾದರೆ ರಜೆ ಕಡಿಮೆ ಆಗುತ್ತದಾ? ಏರಿಕೆ ಫಲಿತಾಂಶದ ತಿಂಗಳಿಂದಲೋ, ಮುಂದಿನ ಏಪ್ರಿಲಿಂದಲೋ? ಬಿಟ್ಟುಹೋದರೆ ಫೀಸು ವಾಪಸ್ ಕೊಡಬೇಕಾ? ಬಾಯಿಮಾತಿನಲ್ಲಿ "ನಾವು ತುಂಬಾ ಸಪೋರ್ಟ್ ಮಾಡ್ತೇವೆ" ಅಂದರೆ ಖುಷಿಪಡಿ, ಆಮೇಲೆ ಇಮೇಲಲ್ಲಿ ಕಳಿಸಲು ಹೇಳಿ.

ಹೆಜ್ಜೆ 7: ಊರಿನ ಖರ್ಚು

ಮಂಗಳೂರು, ಉಡುಪಿಯಲ್ಲಿ ಕೂತು ಶುರು ಮಾಡುವ ಅವಕಾಶ ಬಹಳ ಕಡಿಮೆ. ಆಕ್ಚುರಿಯಲ್ ಕೆಲಸ ಮುಂಬೈ, ಗುರುಗ್ರಾಮ, ಬೆಂಗಳೂರು, ಪುಣೆಯಲ್ಲಿ. ಹೋಗುವುದೇ ಅಂದ ಮೇಲೆ 55,000ದಲ್ಲಿ ಬಾಡಿಗೆ, ಊಟ, ಓಡಾಟ ಕಳೆದು ಎಷ್ಟು ಉಳಿಯುತ್ತದೆ ಅಂತ ಪ್ರತಿ ಊರಿಗೂ ಬೇರೆ ಬೇರೆ ಬರೆಯಿರಿ. ಮುಂಬೈ ಬಾಡಿಗೆ ಭಯ ಹುಟ್ಟಿಸುತ್ತದೆ. ಆದರೆ ನಮ್ಮವರಿಗೆ ಅಲ್ಲಿ ಡೊಂಬಿವಲಿಯಲ್ಲೋ ಥಾಣೆಯಲ್ಲೋ ಒಬ್ಬ ಮಾವ, ಚಿಕ್ಕಮ್ಮ ಇದ್ದೇ ಇರುತ್ತಾರೆ. ಮೊದಲ ಆರು ತಿಂಗಳು ಅಲ್ಲಿ ಉಳಿದರೆ ಸಂಬಳ ಏರಿದ ಹಾಗೇ. ಮತ್ಸ್ಯಗಂಧ ಹತ್ತಿದರೆ ರಾತ್ರಿ ಕಳೆದು ಮುಂಬೈ. ಗುರುಗ್ರಾಮದ ಆಫರ್ ಒಂದು ಲಕ್ಷ ಜಾಸ್ತಿ ಇದ್ದರೂ ಊರಿಗೆ ಬಂದುಹೋಗುವ ವಿಮಾನದ ಟಿಕೆಟಿನಲ್ಲೇ ಒಂದು ಪಾಲು ಹೋಗುತ್ತದೆ, ಅದನ್ನೂ ಬರೆಯಿರಿ.

ಹೆಜ್ಜೆ 8: ಹೊರದೇಶದ ಅಂಕಿಯನ್ನು ಓದುವ ಕ್ರಮ

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರ ಮೇಯಲ್ಲಿ ಆಕ್ಚುರಿಗಳ ಮೀಡಿಯನ್ ಸಂಬಳ ವರ್ಷಕ್ಕೆ 1,25,770 ಡಾಲರ್. ಇದನ್ನು ರೂಪಾಯಿಗೆ ಗುಣಿಸಿ ಕೋಟಿ ಅಂತ ಕುಣಿಯಬೇಡಿ. ಅದು ಎಲ್ಲ ಅನುಭವದವರನ್ನೂ ಸೇರಿಸಿದ ಮಧ್ಯದ ಅಂಕಿ, ಅಲ್ಲಿಯ ತೆರಿಗೆ, ಬಾಡಿಗೆ, ಆರೋಗ್ಯ ವಿಮೆ ಎಲ್ಲ ಅಲ್ಲಿಯದೇ ದರ. ವೀಸಾ ಬೇರೆ ಕಥೆ.

ಕರಾವಳಿಯವರಿಗೆ ಹತ್ತಿರದ್ದು ಗಲ್ಫ್. ದುಬೈಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಅಲ್ಲಿ ಗ್ರಾಚ್ಯುಟಿಯ ಹಾಗೆ ಕೆಲಸ ಬಿಡುವಾಗ ಸಿಗುವ ಮೊತ್ತ ಉಂಟು: ಒಂದು ವರ್ಷ ಮುಗಿಸಿದವರಿಗೆ ಮೊದಲ ಐದು ವರ್ಷದವರೆಗೆ ವರ್ಷಕ್ಕೆ 21 ದಿನದ, ಅದರ ನಂತರದ ವರ್ಷಗಳಿಗೆ 30 ದಿನದ ಬೇಸಿಕ್. ಹಾಗಾಗಿ ಅಲ್ಲಿಯೂ ಬೇಸಿಕ್ ಎಷ್ಟು ಅಂತ ಮೊದಲು ಕೇಳಿ, ಮನೆ ಭತ್ಯೆ ಆಮೇಲೆ. ಹೊಸಬರನ್ನು ಅಲ್ಲಿ ಕರೆಯುವುದು ಕಡಿಮೆ. ನಾಲ್ಕೈದು ವರ್ಷ ಇಲ್ಲಿ ಕೆಲಸ ಮಾಡಿ ಅಸೋಸಿಯೇಟ್ ಹತ್ತಿರ ಬಂದವರಿಗೆ ದಾರಿ ಸುಲಭ.

ಹೆಜ್ಜೆ 9: ಕೇಳುವ ಹೊತ್ತು, ಕೇಳುವ ಮಾತು

ದುಡ್ಡಿನ ಮಾತು ಎತ್ತುವುದು ನಮ್ಮ ಕಡೆಯವರಿಗೆ ಒಂಥರಾ ಸಂಕೋಚ. "ನೀವೇ ನೋಡಿ ಕೊಡಿ" ಅಂದುಬಿಡುತ್ತಾರೆ. ಅವರು ನೋಡಿಯೇ ಕೊಡುತ್ತಾರೆ, ಅವರಿಗೆ ಬೇಕಾದ ಹಾಗೆ.

ಮೊದಲ ಕೆಲಸದಲ್ಲಿ ಫಿಕ್ಸೆಡ್ ಮೇಲೆ ಜಾಸ್ತಿ ಎಳೆಯಬೇಡಿ, ಜಾಗ ಇಲ್ಲ. ಅದರ ಬದಲು ಯಾವ ಟೀಮು, ಯಾವ ಕೆಲಸ, ಸ್ಟಡಿ ಲೀವ್ ಎಷ್ಟು ಅನ್ನುವುದರ ಮೇಲೆ ಮಾತಾಡಿ. ಎರಡನೇ ಕೆಲಸದಲ್ಲಿ ಲೆಕ್ಕ ಬೇರೆ. "ನಿರೀಕ್ಷೆ ಎಷ್ಟು?" ಅಂತ ಕೇಳಿದಾಗ ಹೀಗೆ ಹೇಳಬಹುದು: "ಏಳು ಪೇಪರ್ ಮುಗಿದಿದೆ, ಎರಡೂವರೆ ವರ್ಷ ರಿಸರ್ವಿಂಗ್ ಮಾಡಿದ್ದೇನೆ. ಇದಕ್ಕೆ ಬೆಂಗಳೂರಿನಲ್ಲಿ ಫಿಕ್ಸೆಡ್ ಹನ್ನೆರಡರಿಂದ ಹದಿನಾಲ್ಕು ನಡೀತಾ ಇದೆ ಅಂತ ನನ್ನ ಮಾಹಿತಿ. ನಿಮ್ಮ ಬ್ಯಾಂಡ್ ಎಷ್ಟು?" ಕೊನೆಯ ಪ್ರಶ್ನೆ ಬಿಡಬೇಡಿ. ಬ್ಯಾಂಡ್ ಅಂದರೆ ಆ ಹುದ್ದೆಗೆ ಕಂಪನಿ ಇಟ್ಟಿರುವ ಸಂಬಳದ ಮಿತಿ. ಈಗಿನ ಸಂಬಳದ ಮೇಲೆ ಶೇ. 30 ಅನ್ನುವ ಎಚ್‌ಆರ್ ಲೆಕ್ಕಕ್ಕೆ ಸಿಕ್ಕಿಕೊಂಡರೆ ಮೊದಲ ಕೆಲಸದ ಕಡಿಮೆ ಸಂಬಳ ಜನ್ಮಪೂರ್ತಿ ಹಿಂದೆ ಬರುತ್ತದೆ.

ಹೊತ್ತು ಕೂಡ ಮುಖ್ಯ. ಫಲಿತಾಂಶ ಬಂದ ಎರಡು ಮೂರು ವಾರದಲ್ಲಿ ಮಾರುಕಟ್ಟೆ ಚುರುಕಾಗಿರುತ್ತದೆ. ನೀವು ಬರೆದ ಪೇಪರಿನ ಫಲಿತಾಂಶ ಬರುವುದಿದ್ದರೆ ಆಫರ್ ಲೆಟರಿನಲ್ಲಿ "ಈ ಪೇಪರ್ ಪಾಸಾದರೆ ಸೇರುವ ದಿನದಿಂದಲೇ ಇಷ್ಟು ಏರಿಕೆ" ಅಂತ ಬರೆಸಿಕೊಳ್ಳಿ. ಇದಕ್ಕೆ ಒಪ್ಪುವ ಕಂಪನಿಗಳು ಇವೆ, ಕೇಳಿದರೆ ಮಾತ್ರ. ನೋಟಿಸ್ ಪೀರಿಯಡ್ 90 ದಿನ ಇರುವುದು ಸಾಮಾನ್ಯ. ಜಾಯ್ನಿಂಗ್ ಬೋನಸ್ ಕೊಟ್ಟರೆ ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು, ತೆರಿಗೆ ಕಳೆದ ಮೊತ್ತವೋ ಪೂರ್ತಿ ಮೊತ್ತವೋ, ಅದನ್ನೂ ನೋಡಿ.

ಊರಿಗೆ ವಾಪಸ್ ಬರುವ ಯೋಚನೆ ಇದ್ದರೆ

ಒಂದು ದಾರಿ ಸ್ವಂತ ಪ್ರಾಕ್ಟೀಸ್. ಫೆಲೋ ಆಗಿ ಇನ್‌ಸ್ಟಿಟ್ಯೂಟಿನಿಂದ ಸರ್ಟಿಫಿಕೇಟ್ ಆಫ್ ಪ್ರಾಕ್ಟೀಸ್ ಪಡೆದವರು ಕಂಪನಿಗಳಿಗೆ ಗ್ರಾಚ್ಯುಟಿ, ರಜೆ ನಗದೀಕರಣದ ಮೌಲ್ಯಮಾಪನ ಮಾಡಿಕೊಡಬಹುದು. ಅಕೌಂಟಿಂಗ್ ಸ್ಟ್ಯಾಂಡರ್ಡ್ 15 ಮತ್ತು ಇಂಡ್ ಎಎಸ್ 19 ಅನ್ನುವ ಲೆಕ್ಕಪತ್ರದ ನಿಯಮಗಳು ಈ ಲೆಕ್ಕ ಕೇಳುತ್ತವೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆಯೆಲ್ಲ ಗ್ರಾಚ್ಯುಟಿ ಉಂಟು, ಮಣಿಪಾಲದಿಂದ ಉಳ್ಳಾಲದವರೆಗೆ ಕಾಲೇಜು, ಆಸ್ಪತ್ರೆ, ಫ್ಯಾಕ್ಟರಿಗಳಿಗೆ ಕೊರತೆ ಇಲ್ಲ. ಸಣ್ಣ ಸಂಸ್ಥೆಗಳ ಕೆಲಸಕ್ಕೆ ಫೀಸು ಸಣ್ಣದು, ಅದೂ ಮಾರ್ಚ್ ಕೊನೆಗೆ ಒಟ್ಟಿಗೆ ಬರುತ್ತದೆ. ಹಾಗಾಗಿ ಹೀಗೆ ಲೆಕ್ಕ ಹಾಕಿ: ಬೆಂಗಳೂರಿನಲ್ಲಿ ಎಲ್ಲ ಖರ್ಚು ಕಳೆದು ಕೈಯಲ್ಲಿ ಉಳಿಯುವ ಮೊತ್ತ ಎಷ್ಟು, ಇಲ್ಲಿ ಅಷ್ಟು ಉಳಿಯಲು ಎಷ್ಟು ಕ್ಲೈಂಟ್ ಬೇಕು. ಆಮೇಲೆ ಊರಿನ ಇಬ್ಬರು ಮೂವರು ಚಾರ್ಟರ್ಡ್ ಅಕೌಂಟೆಂಟ್‌ಗಳ ಹತ್ತಿರ ಹೋಗಿ, ಅವರ ಕ್ಲೈಂಟುಗಳಲ್ಲಿ ಎಷ್ಟು ಜನ ಈಗ ಈ ಮೌಲ್ಯಮಾಪನದ ಸರ್ಟಿಫಿಕೇಟನ್ನು ಮುಂಬೈಯಿಂದ, ಬೆಂಗಳೂರಿನಿಂದ ತರಿಸುತ್ತಾರೆ, ಎಷ್ಟು ಕೊಡುತ್ತಾರೆ ಅಂತ ಕೇಳಿ. ರಾಜೀನಾಮೆ ಕೊಡುವ ಮೊದಲು ಕೇಳಿ, ಮಾರಾಯ್ರೆ.